ಮುಂದಿನ ಸೀಟು

ಏಪ್ರಿಲ್ ೧೨, ಭಾನುವಾರ

ನನ್ನ ಮುದ್ದು ಅಕ್ಕಾ,

ಮದುವೆಯಾದ ಮೇಲೆ ತಂಗಿ ನಾಪತ್ತೆ ಅಂತ ಭಾವನ ಮುಂದೆ ಗೊಣಗುತ್ತಿದ್ದೀಯಂತೆ. ತಪ್ಪಾಯಿತು, ಕಿವಿ ಹಿಡಿದುಕೊಂಡಿದ್ದೇನೆ! ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯ ಗೋಡೆಗಳು ತೀರಾ ತೆಳು, ಇವನಿಗೆ ಎಲ್ಲ ಕೇಳಿಸುತ್ತದೆ. ಅದಕ್ಕೇ ಕಾಗದ. ನನ್ನ ಕಾಗುಣಿತಕ್ಕೆ ನಗಬೇಡ, ಎಲ್ಲ ಕಾನ್ವೆಂಟಿನ ಕೃಪೆ.

ಮೊದಲು ಖುಷಿಯ ಸುದ್ದಿ. ಈ ಬೇಸಿಗೆ ಪೂರ್ತಿ ನಮ್ಮದು ಸೈಕಲ್ ಸವಾರಿ! ಇವನು ಪಾಠ ಮಾಡುವ ಶಾಲೆಗೆ ರಜೆ, ನನಗೂ ಲ್ಯಾಬಿನಲ್ಲಿ ರಜೆ ಕೊಟ್ಟರು. ಹಾಸಿಗೆಯ ಮೇಲೆ ಮಲಗಲು ಜಾಗವಿಲ್ಲ, ಬರೀ ನಕ್ಷೆಗಳು. ಪ್ಯಾಸೆಂಜರ್ ರೈಲಿನ ಗಾರ್ಡ್ ಡಬ್ಬಿಯಲ್ಲಿ ಸೈಕಲ್ ಹಾಕಿಕೊಂಡು ನದಿಯವರೆಗೆ, ಲಾಂಚಿನಲ್ಲಿ ಆಚೆ ದಡಕ್ಕೆ, ಅಲ್ಲಿಂದ ತುಳಿದುಕೊಂಡು ದ್ವೀಪಗಳ ತನಕ. "ಮುಂದಿನ ವರ್ಷಕ್ಕೂ ಸ್ವಲ್ಪ ಉಳಿಸೋ ಮಹಾರಾಯ" ಅಂದೆ. "ಎಲ್ಲಾ ಈ ವರ್ಷಾನೇ" ಅಂದ. ಪ್ರತಿ ಪ್ರಯಾಣವೂ ಸೂರ್ಯ ಮುಳುಗುವ ಮುಂಚೆ ಮುಗಿಯಬೇಕಂತೆ. ಕತ್ತಲಿಗೆ ಹೆದರುವ ಗಂಡ ಸಿಕ್ಕ ಅಂತ ಎಷ್ಟು ಗೇಲಿ ಮಾಡಿದೆ ಗೊತ್ತಾ!

ಹೋದ ಭಾನುವಾರ ಹತ್ತಿರದ ಲಾಂಚಿನಲ್ಲಿ ಒಂದು ಸುತ್ತು ಹೋಗಿಬಂದೆವು. ಇಳಿಯುವಲ್ಲಿ ಕಬ್ಬಿಣದ ಇಳಿಜಾರು ಹಲಗೆ, ಒಂದು ಕಡೆ ತಡೆಗೆ ಕಟ್ಟುವ ಸರಪಳಿಯೇ ಇರಲಿಲ್ಲ. ನಾನು ಮುಂದೆ ಇಳಿದು ತಿರುಗಿ ನೋಡಿದರೆ, ಇವನು ಸೈಕಲ್ ಹಿಡಿದು ನನ್ನನ್ನೇ ನೋಡಿ ನಗುತ್ತಾ ಆ ಖಾಲಿ ಅಂಚಿಗೇ ನಡೆಯುತ್ತಿದ್ದಾನೆ. ಟಿಕೆಟ್ಟಿನವನು ಕಾಲರ್ ಹಿಡಿದು ಎಳೆದ.

"ಏನ್ರೀ, ಕಣ್ ಕಾಣ್ಸಲ್ವಾ?"

"ಪಕ್ಕದ್ದು ಕಾಣ್ಸಲ್ಲ ಸ್ವಾಮಿ" ಅಂದ ಇವನು, ತಣ್ಣಗೆ.

"ಹೊಸಾ ಮದ್ವೇನಾ? ಹಂಗಾದ್ರೆ ಸರಿ ಬಿಡಿ!"

ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಅಕ್ಕಾ.

ವಾಪಸು ಬರುವ ರೈಲಿನಲ್ಲಿ ಹೇಳಿದ. ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದಂತೆ. ಆ ಕೊಳವೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆಯಂತೆ. ಔಷಧಿಯಿಲ್ಲ. ಮುಂದಿನ ಬೇಸಿಗೆಗೆ ಎಷ್ಟು ಉಳಿದಿರುತ್ತದೋ ಡಾಕ್ಟರಿಗೂ ತಿಳಿಯದು. ನಾನು ಪಕ್ಕದಿಂದ ಕಾಫಿ ಚಾಚಿದಾಗ ಸುಮ್ಮನೆ ಕೂರುತ್ತಿದ್ದುದು ಹುಸಿಮುನಿಸು ಅಂದುಕೊಂಡಿದ್ದೆ. ಲೋಟ ಅವನಿಗೆ ಕಂಡೇ ಇರಲಿಲ್ಲ.

ಮೊನ್ನೆ ಇಬ್ಬರೂ ಒಟ್ಟಿಗೆ ತುಳಿಯುವ, ಎರಡು ಸೀಟಿನ ಉದ್ದನೆಯ ಸೈಕಲ್ ಬಂತು. ಮೆಕ್ಯಾನಿಕ್ ಮುಂದಿನ ಸೀಟನ್ನು ಇವನ ಎತ್ತರಕ್ಕೆ ಏರಿಸಲು ಹೋದ. "ಅದು ಅವಳ್ದು" ಅಂದ ಇವನು. "ಈಗ್ಲೇ ಹ್ಯಾಂಡಲ್ ಕೊಟ್ಬಿಟ್ರಾ ಸಾರ್?" ಅಂತ ಅವನು ಹಲ್ಲು ಕಿರಿದ. ಹಿಂದೆ ಕೂತವರಿಗೆ ಬ್ರೇಕೂ ಇಲ್ಲ ಅಕ್ಕಾ, ತುಳಿಯುವುದಷ್ಟೇ. ಲಾರಿ, ಇಳಿಜಾರು, ಆ ಹಲಗೆ, ಎಲ್ಲ ನನ್ನ ಕೈಯಲ್ಲಿ. ಸ್ಕೂಟರಿನಲ್ಲಿ ನಿನ್ನನ್ನು ಕೂರಿಸಿಕೊಂಡು ನಮ್ಮದೇ ಗೇಟಿಗೆ ಗುದ್ದಿದವಳು ನಾನು! ಮುಂದಿನ ಚಕ್ರ ಬಿಚ್ಚಿದರೆ ಮಾತ್ರ ರೈಲಿಗೆ ಹಾಕಿಕೊಳ್ಳುತ್ತಾರಂತೆ. ಬಿಚ್ಚಿ ಜೋಡಿಸುವುದೂ ನನ್ನ ಪಾಲಿಗೇ. ಸರಿಯಾಗಿ ಬಿಗಿದೆನೋ ಇಲ್ಲವೋ ಅಂತ ಕನಸಿನಲ್ಲೂ ನಟ್ಟು ತಿರುಗಿಸುತ್ತಿರುತ್ತೇನೆ. ಬೀದಿಯಲ್ಲಿ ಅಭ್ಯಾಸ ಮಾಡುವಾಗ ಇವನು ಹಿಂದೆ ಹಾಯಾಗಿ ಶಿಳ್ಳೆ ಹಾಕುತ್ತಾನೆ, ನನ್ನ ಅಂಗೈ ಬೆವರಿ ಹ್ಯಾಂಡಲ್ ಜಾರುತ್ತದೆ. ಶಿಳ್ಳೆ ನಿಂತರೆ ಇನ್ನೂ ಭಯ. ತಿರುಗಿ ನೋಡುವ ಹಾಗೂ ಇಲ್ಲವಲ್ಲ.

ನಾಳೆ, ಬೆಳಕು ಚೆನ್ನಾಗಿ ಹರಿದ ಮೇಲಿನ ರೈಲಿಗೆ ಹೊರಡುತ್ತೇವೆ. ಅಮ್ಮನಿಗೆ ಸೈಕಲ್ ಸುದ್ದಿ ಮಾತ್ರ ಹೇಳು. ಭಾವನಿಗೆ ನಮಸ್ಕಾರ. ಪುಟ್ಟಿಯ ಎರಡೂ ಕೆನ್ನೆಗೆ ಮುತ್ತು, ಆ ಮಗು ನೂರು ವರ್ಷ ಕಣ್ತುಂಬ ನೋಡಿಕೊಂಡು ಬಾಳಲಿ. ನೀನು ನನ್ನ ತಲೆಯ ಮೇಲೆ ಕೈಯಿಟ್ಟಿದ್ದೀಯ ಅಂದುಕೊಂಡೇ ಹ್ಯಾಂಡಲ್ ಹಿಡಿಯುತ್ತೇನೆ.

ನಿನ್ನ
ಬಾಯಿಬಡುಕಿ

ಕವರು ಅಂಟಿಸುವ ಮುಂಚೆ: ಕಣ್ಣಿನ ವಿಷಯ ಯಾವಾಗಿನಿಂದ ಗೊತ್ತಿತ್ತು ಅಂತ ಇವನನ್ನು ಕೇಳಿದೆ. ನಾವು ಭೇಟಿಯಾಗುವುದಕ್ಕೂ ಮುಂಚಿನಿಂದ ಅಂದ. ಆ ಮೊದಲ ಸಲ, ಸೈಕಲ್ ಗುಂಪಿನ ಜೊತೆ ಹೋದಾಗ, ಇಡೀ ದಿನ ನನ್ನ ಹಿಂದೆಯೇ ಬಂದು "ಅಷ್ಟು ಜನರಲ್ಲಿ ನಿನ್ನ ಹಳದಿ ಜಾಕೆಟ್ ಒಂದೇ ಕಾಣ್ತಿತ್ತು" ಅಂದಿದ್ದನಲ್ಲ? ಮದುವೆಯ ದಿನ ಸಿಕ್ಕಸಿಕ್ಕವರಿಗೆಲ್ಲ ಹೇಳಿ ಕೊಚ್ಚಿಕೊಂಡಿದ್ದೆನಲ್ಲ? ಅವನು ನನ್ನನ್ನು ಮೆಚ್ಚಿದ್ದನಾ ಅಕ್ಕಾ, ಇಲ್ಲಾ ಮುಂದೆ ಹೋಗುವವರು ಯಾರಾದರೊಬ್ಬರು ಬೇಕಿತ್ತಾ? ಕೇಳಲು ಧೈರ್ಯ ಬರುತ್ತಿಲ್ಲ. ಸಿಟ್ಟಿಗೆ, ನಾಳೆ ಬೇರೆ ಬಣ್ಣದ್ದು ಹಾಕಿಕೊಳ್ಳೋಣ ಅಂದುಕೊಂಡೆ. ಆದರೆ ಸ್ಟೇಷನ್ನಿನ ಗುಂಪಿನಲ್ಲಿ ಅವನಿಗೆ ನಾನು ಕಾಣಿಸದೇ ಹೋದರೆ? ಹಳದಿಯದನ್ನೇ ಒಗೆದು ಬಾಗಿಲ ಹಿಂದೆ ನೇತುಹಾಕಿದ್ದೇನೆ.