ಚಿಕ್ಕಮ್ಮ ಹಾಕಿಕೊಂಡ ಕನ್ನಡಕ

ಶುಕ್ರವಾರ, ಹದಿನಾಲ್ಕನೇ ತಾರೀಖು
ಕನ್ನಡಕದ ಅಂಗಡಿಯಿಂದ, ಮಧ್ಯಾಹ್ನ

ನನ್ನ ಗುಬ್ಬಿಗೆ,

ನಿನ್ನ ಅಪ್ಪನ ಆಶೀರ್ವಾದಗಳು. ನೀನು ಬಂದುಹೋಗಿ ಹತ್ತು ದಿನವಾಯಿತು. ತಲುಪಿದೆನೆಂದು ನೀನೂ ಬರೆಯಲಿಲ್ಲ, ತಲುಪಿದೆಯಾ ಎಂದು ನಾನೂ ಕೇಳಲಿಲ್ಲ. ಡಿಲೇಗೆ ಎಕ್ಸ್‌ಕ್ಯೂಸ್ ಇರಲಿ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ 'ನಾನು ಕ್ಷೇಮ' ಎಂಬಲ್ಲಿಗೆ ಪೆನ್ನು ನಿಂತಿತು. ಫೋನಿನಲ್ಲಿ ಆಡುವ ಮಾತಲ್ಲ ಇದು. ಲಕೋಟೆಗೆ ಎರಡೆರಡು ಸಲ ಗೋಂದು ಹಚ್ಚಿ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಒಬ್ಬಳೇ ಕೂತು ಓದು.

ಔಷಧಿ ಅಂಗಡಿಯವನು ಸತ್ತ ಸುದ್ದಿ ನಿನಗೆ ಮುಟ್ಟಿರಬೇಕು. ನೀನು ಬಂದಿದ್ದ ಮಂಗಳವಾರವೇ, ಮಧ್ಯಾಹ್ನ ಬಾಗಿಲು ಅರ್ಧ ಎಳೆದಿದ್ದ ಹೊತ್ತಿನಲ್ಲಿ, ಮಹಡಿಯ ಗೋದಾಮಿನ ಮೆಟ್ಟಿಲಿಂದ ಬಿದ್ದಿದ್ದ. ಮೊದಲು ಕಾಲು ಜಾರಿತು ಎಂದರು. ಆಮೇಲೆ ಅಂಗಿಯ ಗುಂಡಿ ಕಿತ್ತುಬಂದಿದ್ದು ನೋಡಿ, ಯಾರೋ ತಳ್ಳಿದ್ದಾರೆ, ಕೊಲೆ ಎಂದರು.

ಇನ್‌ಸ್ಪೆಕ್ಟರು ಸತ್ತವನ ಕನ್ನಡಕ ಹಿಡಿದುಕೊಂಡು ನಮ್ಮ ಅಂಗಡಿಗೇ ಬಂದರು. ಬರದೆ ಏನು ಮಾಡುತ್ತಾರೆ? ನಿನ್ನ ಚಿಕ್ಕಮ್ಮನ ವಿದ್ಯೆ ಊರಿಗೆಲ್ಲ ಗೊತ್ತು. ಯಾರದೇ ಕನ್ನಡಕ ಹಾಕಿಕೊಂಡರೂ, ಆ ಕಣ್ಣು ಯಾವುದನ್ನು ಕಂಡು ಮರೆಯಲಾರದೋ ಅದು ಅವಳಿಗೆ ಕಾಣುತ್ತದೆ. ನಾನು ಸೈನ್ಸ್ ಓದಿದವನು, ಮೊದಮೊದಲು ನಕ್ಕೆ. ಡ್ರಾಯಿಂಗ್ ಮೇಷ್ಟ್ರ ಕನ್ನಡಕ ಹಾಕಿ, ಅವರು ಹೆಂಡತಿಗೆ ಹೆದರಿ ಹಾರ್ಮೋನಿಯಂ ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಬೀಡಿ ಕಟ್ಟನ್ನು ಹೇಳಿದ ದಿನ ನಗು ನಿಂತಿತು.

ಅವಳದೊಂದು ಕಟ್ಟುನಿಟ್ಟು ನಿನಗೆ ಗೊತ್ತಲ್ಲ. ಫ್ರೇಮು ಮೂಗಿನ ಮೇಲೆ ನೆಟ್ಟಗೆ ಕೂರದಿದ್ದರೆ ಅವಳಿಗೆ ಏನೂ ಕಾಣುವುದಿಲ್ಲ. ಸತ್ತವನ ಕನ್ನಡಕದ ಕಡ್ಡಿ ಸೊಟ್ಟಗಾಗಿತ್ತು. ಬಿಸಿ ಮಾಡಿ ನೆಟ್ಟಗೆ ಮಾಡಿ ತಟ್ಟೆಯಲ್ಲಿಟ್ಟೆ. ಪಕ್ಕದ ತಟ್ಟೆಯಲ್ಲಿ ನೀನು ರಿಪೇರಿಗೆ ಬಿಟ್ಟುಹೋದದ್ದು ಇತ್ತು, ಅದನ್ನೂ ಆಗಲೇ ನೆಟ್ಟಗೆ ಮಾಡಿದ್ದೆ. ಎರಡೂ ನಾನೇ ಕೊಟ್ಟ ಕಂದು ಫ್ರೇಮು, ಒಂದೇ ಡಜನ್ನಿನವು. ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ ಚೀಟಿ ಅಂಟಿಸದೆ ತಟ್ಟೆಯಲ್ಲಿಟ್ಟವನಲ್ಲ. ಅವತ್ತು ಇಟ್ಟೆ. ಒಂದನ್ನು ಎತ್ತಿ ಅವಳಿಗೆ ಕೊಟ್ಟೆ.

ಅವಳು ಹಾಕಿಕೊಂಡಳು. "ಭಾವ, ಎಲ್ಲ ಚಿಕ್ಕದಾಗಿ, ದೂರದೂರ ಕಾಣ್ತಿದೆ," ಅಂದಳು.

ಸತ್ತವನದು ಓದುವ ಕನ್ನಡಕ, ಪ್ಲಸ್ ಎರಡೂವರೆ. ಅದರಲ್ಲಿ ಎಲ್ಲ ದೊಡ್ಡದಾಗಿ ಕಾಣಬೇಕು. ಚಿಕ್ಕದಾಗಿ ಕಾಣುವುದು ಮೈನಸ್ಸಿನಲ್ಲಿ. ನಿನ್ನದು ಮೈನಸ್ ಮೂರು.

ಬಾಯಿ ಬಿಡುವಷ್ಟರಲ್ಲಿ ಅವಳು ಶುರುಮಾಡಿಬಿಟ್ಟಿದ್ದಳು. "ಮೆಟ್ಟಿಲ ಮೇಲೆ ನಿಂತಿದೀನಿ. ಔಷಧಿ ಅಂಗಡಿಯವನು ಕೈ ಮುಗೀತಿದಾನೆ, ಏನೋ ಹೇಳ್ತಿದಾನೆ. ನೀಲಿ ತೋಳಿನ ಕೈಯೊಂದು ಅವನ ಎದೆಗೆ... ಅಯ್ಯೋ, ಬಿದ್ದ!"

"ಸತ್ತವನು ತನ್ನನ್ನೇ ತಾನು ನೋಡ್ಕೊಂಡು ಸಾಯ್ತಾನೇನಮ್ಮ?" ಎಂದು ಇನ್‌ಸ್ಪೆಕ್ಟರು ನಕ್ಕರು. ಜೊತೆಗಿದ್ದ ಪೇದೆ, "ಸಾರ್, ಜೀವ ಹೋಗೋವಾಗ ಮೇಲೆ ನಿಂತು ನೋಡುತ್ತಂತೆ," ಅಂದ. "ನೀಲಿ ತೋಳು" ಎಂದು ಇನ್‌ಸ್ಪೆಕ್ಟರು ಎರಡು ಸಲ ಹೇಳಿಕೊಂಡರು. ಆ ಅಂಗಡಿಯ ಗುಮಾಸ್ತ ನೀಲಿ ಕೋಟು ಹಾಕುತ್ತಾನೆ, ಹಿಂದಿನ ವಾರವಷ್ಟೇ ಯಜಮಾನನ ಜೊತೆ ಜಗಳವಾಡಿದ್ದ. ಸಂಜೆಯೊಳಗೆ ಅವನನ್ನು ಒಳಗೆ ಹಾಕಿದರು.

ನಾನು ಏನು ಮಾಡಿದೆ ಗೊತ್ತೇ? ಒರೆಸಿಕೊಡುತ್ತೇನೆಂದು ಒಳಗೆ ಹೋಗಿ, ಸರಿಯಾದ ಕನ್ನಡಕ ತಂದು ಇನ್‌ಸ್ಪೆಕ್ಟರ ಕೈಗಿಟ್ಟೆ. ನಿನ್ನದು ನನ್ನ ಜೇಬಿನಲ್ಲಿತ್ತು, ಈಗಲೂ ಇದೆ. ಬಂದ ದಿನ ನೀನು, ಬಸ್ಸಿನ ನೂಕುನುಗ್ಗಲಿನಲ್ಲಿ ಕಡ್ಡಿ ಬಾಗಿತು ಎಂದಿದ್ದೆ. ಅವತ್ತು ನೀನು ನಿನ್ನ ಅಮ್ಮನ ನೀಲಿ ಸ್ವೆಟರು ಹಾಕಿಕೊಂಡಿದ್ದೆ. ನೀರು ಕೊಟ್ಟರೆ ಲೋಟ ಹಿಡಿಯಲಾಗಲಿಲ್ಲ ನಿನಗೆ. ಪ್ರಯಾಣದ ಸುಸ್ತು ಅಂದುಕೊಂಡೆ.

ಔಷಧಿ ಅಂಗಡಿಯವನು ಕೊಟ್ಟ ತಪ್ಪು ಮಾತ್ರೆಯಿಂದಲೇ ಅಮ್ಮ ಹೋದಳೆಂದು ಮೂರು ವರ್ಷದಿಂದ ನೀನು ಹಲ್ಲು ಕಚ್ಚಿಕೊಂಡಿದ್ದೀಯೆ. ನೀನು ಕೇಳಲೆಂದು ಹೋದೆ, ಕೈ ಮುಂದೆ ಹೋಯಿತು. ಕೊಲ್ಲಲೆಂದೇ ಹೋದೆ ಎಂದು ನಾನು ಸತ್ತರೂ ನಂಬುವುದಿಲ್ಲ.

ಆದರೆ ಗುಮಾಸ್ತನ ಹೆಂಡತಿ ದಿನಾ ಬೆಳಿಗ್ಗೆ ನಮ್ಮ ಬೆಂಚಿನ ಮೇಲೆ ಬಂದು ಕೂರುತ್ತಾಳೆ. "ಅಕ್ಕಾ, ಇನ್ನೊಂದ್ಸಲ ಹಾಕ್ಕೊಂಡು ನೋಡಿ, ಮುಖ ಕಾಣುತ್ತೇನೋ," ಎಂದು ಚಿಕ್ಕಮ್ಮನ ಕೈ ಹಿಡಿಯುತ್ತಾಳೆ. ಏಳು ತಿಂಗಳ ಬಸುರಿ. ಸೋಮವಾರ ಅವನನ್ನು ದೊಡ್ಡ ಜೈಲಿಗೆ ಸಾಗಿಸುತ್ತಾರಂತೆ.

ನಿನ್ನೆ ಊಟಕ್ಕೆ ಕೂತಾಗ ಚಿಕ್ಕಮ್ಮ ತಲೆ ಎತ್ತದೆ ಕೇಳಿದಳು. "ಭಾವ, ಅದು ಯಾರ ಕನ್ನಡಕ?"

"ಸತ್ತವನದೇ."

"ನನ್ನ ಕಣ್ಣಿಗೆ ಮಣ್ಣೆರಚ್ಬೇಡಿ. ಆ ಹುಡುಗಿಯನ್ನ ಎತ್ತಿ ಆಡಿಸಿದವಳು ನಾನು, ಅವಳ ಕೈ ನನಗೆ ಗೊತ್ತಾಗಲ್ವಾ? ಭಾನುವಾರದ ತನಕ ಬಾಯಿ ಮುಚ್ಕೊಂಡಿರ್ತೀನಿ. ಆಮೇಲೆ ಆ ಬಸುರಿ ಮುಖ ನೋಡೋಕೆ ನನ್ನ ಕೈಲಿ ಆಗಲ್ಲ."

ಸೈಲೆನ್ಸ್ ಈಸ್ ಗೋಲ್ಡ್ ಎಂದು ಕಾಲೇಜಿನಲ್ಲಿ ಉರುಹೊಡೆದಿದ್ದೆ. ಯಾರ ಪಾಲಿಗೆ ಗೋಲ್ಡ್ ಎಂದು ಮೇಷ್ಟ್ರು ಹೇಳಿರಲಿಲ್ಲ. ಬೀದಿಯಲ್ಲಿ ಬೂಟಿನ ಸದ್ದಾದರೆ ಜೇಬು ಮುಟ್ಟಿಕೊಳ್ಳುತ್ತೇನೆ. ನಿನ್ನ ಕನ್ನಡಕವನ್ನು ಲೆನ್ಸ್ ಉಜ್ಜುವ ಕಲ್ಲಿಗೆ ಹಿಡಿದರೆ ಎರಡು ನಿಮಿಷದಲ್ಲಿ ಪುಡಿಯಾಗುತ್ತದೆ. ಎರಡು ಸಲ ಕಲ್ಲಿನ ಹತ್ತಿರ ಒಯ್ದೆ, ಎರಡು ಸಲವೂ ಕೈ ಬರಲಿಲ್ಲ.

ಭಾನುವಾರ ಹನ್ನೊಂದರ ಬಸ್ಸಿಗೆ ಬಾ. ನಿಲ್ದಾಣದಲ್ಲಿ ನಿಂತಿರುತ್ತೇನೆ. ಠಾಣೆಗೆ ಇಬ್ಬರೂ ಕೂಡಿಯೇ ಹೋಗೋಣ, ಕನ್ನಡಕ ಬದಲಿಸಿದ ತಪ್ಪು ನನ್ನ ಮೇಲೂ ಇದೆ. ಏನೇ ಆದರೂ ನೀನು ನನ್ನ ಮಗಳು. ತಣ್ಣಗಿರು, ದಾರಿಯಲ್ಲಿ ಏನಾದರೂ ತಿಂದುಕೊಂಡು ಬಾ.

ನಿನ್ನನ್ನೇ ಎದುರು ನೋಡುತ್ತಿರುವ,
ಅಪ್ಪ

ತಾ.ಕ.: ಮೇಲಿನದನ್ನೆಲ್ಲ ಬರೆದು ಮಡಚಿ, ಮತ್ತೆ ಬಿಚ್ಚಿದ್ದೇನೆ. ಅವನು ಕೈ ಮುಗಿದು ನಿನಗೆ ಏನು ಹೇಳಿದನೆಂದು ಚಿಕ್ಕಮ್ಮನಿಗೆ ಕೇಳಿಸಿಲ್ಲ. ನನಗೆ ಗೊತ್ತು. "ಬರೆದಿರೋ ಮಾತ್ರೆ ಇಲ್ಲ, ಇದು ಬೇರೆ. ಡಾಕ್ಟರನ್ನು ಕೇಳದೆ ಕೊಡಬೇಡಿ," ಎಂದು, ನಿನ್ನ ಅಮ್ಮನಿಗೆ ಮಾತ್ರೆ ತರಲು ಹೋದ ದಿನ ಅವನು ನನಗೆ ಮೂರು ಸಲ ಹೇಳಿದ್ದ. ಡಾಕ್ಟರ ಮನೆ ಬಾಗಿಲಲ್ಲಿ ಜನ ತುಂಬಿದ್ದರು. ನಾನು ಕೇಳಲಿಲ್ಲ, ಕೊಟ್ಟುಬಿಟ್ಟೆ. ಬೆಳಗಾಗಿ ನೀನು ಅತ್ತುಕೊಂಡು ಬಂದು ಕೇಳಿದಾಗ, ಅಂಗಡಿಯವನು ತಪ್ಪು ಮಾತ್ರೆ ಕೊಟ್ಟ ಎಂದೆ. ಮೆಟ್ಟಿಲ ಮೇಲೆ ಅವನು ನಿನಗೆ ಹೇಳಿದ್ದು ನಿಜ, ಮಗಳೇ.