ಅಪ್ಪನ ದೋಣಿಗೆ ನೆರಳು

ಮಾರ್ಚ್ ೧೪, ಶನಿವಾರ

ಚಪ್ಪರದ ಎಡಗಡೆಯ ಹೊಲಿಗೆ ಸೊಟ್ಟಗೇ ಉಳಿಯಿತು. ಬಿಚ್ಚೋಣವೆಂದರೆ ಅಮ್ಮ, "ಸಾಕು ಬಿಡೇ, ನೆರಳಿಗೆ ಸೊಟ್ಟಗೇನು, ನೆಟ್ಟಗೇನು?" ಎಂದಳು. ಡಾಕ್ಟರು ಕೊಟ್ಟ ಈ ಔಷಧಿ ಮುಗಿಯುವವರೆಗೂ ಅಪ್ಪನ ಮೈಗೆ ಬಿಸಿಲು ತಾಗಬಾರದಂತೆ. ಜನರನ್ನು ಹೊಳೆ ದಾಟಿಸುವವರು ಮನೆಯೊಳಗೆ ಕೂರುತ್ತಾರೆಯೇ? ಅದಕ್ಕೇ ಈ ಚಪ್ಪರ. ಹಳೆಯ ಡೇರೆಯ ಬಟ್ಟೆ ಕತ್ತರಿಸಿ, ಪೈಪು ಬಗ್ಗಿಸಿ ಮಾಡಿದ್ದು. ಹೆಬ್ಬೆರಳೆಲ್ಲ ಸೂಜಿಯ ತೂತು.

ಬೆಳಿಗ್ಗೆ ದೋಣಿಗೆ ಕಟ್ಟಿದೆವು. ಗಾಳಿಗೆ ಪಟಪಟ ಎಂದಿತು, ಹಾರಲಿಲ್ಲ. ಅಪ್ಪ ಬಟ್ಟೆ ಸವರಿ ನೋಡಿ ಹುಟ್ಟು ಹಿಡಿದರು. ಎರಡು ಸಲ ಎಳೆಯುವಷ್ಟರಲ್ಲಿ ಕೈ ನಡುಗಿತು. ನಾನು ಹಗ್ಗ ನೋಡುವವಳಂತೆ ಮುಖ ತಿರುಗಿಸಿದೆ.

"ತಗೋ, ಇವತ್ತು ನೀನೇ ನಡೆಸು."

"ನೀವು?"

"ಜನ ಕೂರೋ ಕಡೆ ನಾನು ಯಾವತ್ತೂ ಕೂತೇ ಇಲ್ಲ. ಹೇಗಿರುತ್ತೆ ನೋಡೋಣ."

ಚಪ್ಪರದಡಿ ಹೋಗಿ ಕೂತರು. ಆಚೆ ದಡದವರೆಗೂ ನಾನೇ ಹುಟ್ಟು ಎಳೆದೆ. ಅಳು ಬರಬೇಕಿತ್ತೇನೋ, ಏನೂ ಬರಲಿಲ್ಲ. ನೀರು ಇಷ್ಟು ಭಾರವೇ ಎಂದಷ್ಟೇ ಅನಿಸಿತು. ಇಳಿಯುವಾಗ ಅಪ್ಪ, ಎಲ್ಲ ವಯಸ್ಸಾದವರ ಹಾಗೆ, ದೋಣಿ ನಡೆಸುವವರ ಹೆಗಲು ಹಿಡಿದುಕೊಂಡರು. ನನ್ನ ಹೆಗಲು.

"ನಾಳೆ ಬೇಗ ಏಳು. ಹೊಳೆ ದಾಟೋಕೆ ಹಾಲಿನವನು ಕಾಯ್ತಾನೆ," ಎಂದರು.

ಹೂಂ ಎಂದೆ. ದೋಣಿಯ ಹಗ್ಗವನ್ನು ಅಪ್ಪ ಕಟ್ಟುವ ಹಾಗೆಯೇ ಗೂಟಕ್ಕೆ ಕಟ್ಟಿದೆ.