ಹಗಲಲ್ಲಿ ಹೇಳಿದ ಕಥೆ

ಪೂರಿಗಾಲಿ
ಶುಕ್ರವಾರ, ೧೪ ಮಾರ್ಚ್ ೨೦೨೫

ಪ್ರೀತಿಯ ಮಗ ಶಿವರಾಜುಗೆ,

ನಿನ್ನವ್ವನ ಆಶೀರ್ವಾದಗಳು. ಮೈಗೆ ಹುಷಾರಾಗಿದ್ದೀಯಾ? ಗುಜರಾತಿನ ಕಡೆ ಬಿಸಿಲು ಈ ಸಲ ಬಲು ಜೋರಂತೆ. ಲಾರಿ ತುಂಬ ಎಳನೀರು ಹೊತ್ತುಕೊಂಡು ಹೋಗುವ ನೀನು ಒಂದನ್ನಾದರೂ ಕೊಚ್ಚಿ ಕುಡಿಯುವುದಿಲ್ಲ, ನಿನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ಬೆನ್ನುನೋವಿಗೆ ಕೊಟ್ಟ ಎಣ್ಣೆ ಹಚ್ಚಿಕೊಂಡೆಯೋ, ಇಲ್ಲಾ ಸೀಟಿನ ಕೆಳಗೇ ಉರುಳಾಡುತ್ತಿದೆಯೋ? ನನ್ನ ಮಂಡಿ ಹಾಗೇ ಇದೆ. ಕರಿ ಹಸು ಗಬ್ಬವಾಗಿದೆ. ಇನ್ನೊಂದು ಲಾರಿಯ ಅಶೋಕ ಇವತ್ತು ಮದ್ದೂರಿನಲ್ಲಿ ಲೋಡು ಮಾಡಿಕೊಂಡು ಹೊರಡುತ್ತಾನೆ, ನೀನು ವಾಪಸ್ಸು ಬರುವಾಗ ಹುಬ್ಬಳ್ಳಿ ಬೈಪಾಸಿನ ಢಾಬಾದಲ್ಲಿ ಈ ಕಾಗದವನ್ನು ನಿನ್ನ ಕೈಗೆ ಕೊಡುತ್ತಾನೆ. ಮೊದಲು ಊಟ ಮಾಡು, ಆಮೇಲೆ ಬಿಚ್ಚು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಅರ್ಧ ಹೇಳುವುದರೊಳಗೆ ನೀನು ರೇಗಿ ಕಟ್ ಮಾಡುತ್ತೀಯ, ಆ ರೇಗಿನಲ್ಲೇ ಲಾರಿ ಓಡಿಸುತ್ತೀಯ. ಕಾಗದವನ್ನು ಸಿಟ್ಟಿನಲ್ಲಿ ಮಡಚಿದರೂ ಅದು ಜೇಬಿನಲ್ಲೇ ಇರುತ್ತದೆ.

ಉಪ್ಪಿನ ವ್ಯಾಪಾರಿಯ ಕಥೆಯನ್ನು ನಮ್ಮ ಜಗಲಿಯಲ್ಲಿ ಮೊದಲು ಹೇಳಿದವನು ನೀನು. ಹೋದ ದೀಪಾವಳಿಗೆ ಬಂದಾಗ, ದೀಪ ಹಚ್ಚಿದ ಮೇಲೆ. ರಾಜಸ್ಥಾನದ ಗಡಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತಿದ್ದಾಗ ಫೋನಿನಲ್ಲಿ ಕೇಳಿದೆ ಅಂದಿದ್ದೆ. ಮೊದಲೆಲ್ಲ ನೀನು ಉತ್ತರದಿಂದ ಬಂದರೆ ಡೀಸೆಲ್ ಸುದ್ದಿ, ಚೆಕ್‌ಪೋಸ್ಟಿನವರಿಗೆ ಬೈಗುಳ, ಅಷ್ಟೇ. ಆ ಕಡೆ ಜನ ಹೇಗೆ ಅಂತ ಕೇಳಿದರೆ, “ಎಂಗೋ ಅವ್ರೆ ಕಣವ್ವ, ರೊಟ್ಟಿ ತಿಂತಾರೆ” ಅನ್ನುತ್ತಿದ್ದೆ. ನಿನ್ನ ಮಗಳು ವೀಣ ಫೋನಿಗೆ ಕೇಳುವ ಪುಸ್ತಕಗಳನ್ನು ಹಾಕಿಕೊಟ್ಟ ಮೇಲೆ ಅಲ್ಲವೇ ನೀನು ಬೇರೆ ಥರ ಮಾತಾಡಲು ಶುರು ಮಾಡಿದ್ದು? ಆಮೇಲೆ ಮಂಡ್ಯದಲ್ಲಿ ನೀನೇ ಪುಸ್ತಕ ಕೊಂಡು, ಲೋಡು ಇಳಿಸುವ ಹೊತ್ತಿನಲ್ಲಿ ಓದತೊಡಗಿದೆ. ಢಾಬಾದ ಹಿಂದೆ ರೊಟ್ಟಿ ತಟ್ಟುವ ಹೆಂಗಸಿಗೆ ನನ್ನ ಹಾಗೇ ಮಂಡಿನೋವು ಅಂತ ಬಂದು ಹೇಳಿದೆ. ಅಷ್ಟು ವರ್ಷ ಅವಳ ಕೈಯಲ್ಲೇ ಉಂಡಿದ್ದೆ, ಅವಳ ಮಂಡಿ ನಿನಗೆ ಕಂಡಿದ್ದು ಆಗಲೇ. “ಟಯರು ಊರ ಮುಂದ್ಗಡೆನೇ ಓಯ್ತದೆ ಕಣವ್ವ, ಕತೆ ಸೀದಾ ಅಡಿಗೆ ಮನೆಗೇ ನುಗ್ತದೆ” ಅಂದಿದ್ದೆಯಲ್ಲ, ಅದನ್ನು ನಾನು ಎಷ್ಟೋ ಜನಕ್ಕೆ ಹೇಳಿದ್ದೇನೆ. ಆಚೆ ಕೇರಿಯ ನಿಂಗಯ್ಯ ನಿನ್ನ ಲಾರಿಯ ಕ್ಲೀನರ್ ಆಗಿ ಎಷ್ಟು ಕಾಲವಾಯಿತು! ಅವನನ್ನು ಒಳಗೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ನೀನು ಉಂಡಿದ್ದೂ ಅದೇ ದೀಪಾವಳಿಯಲ್ಲಿ. ನಾನು ಮುಖ ಊದಿಸಿಕೊಂಡೇ ಬಡಿಸಿದೆ. ಅವನು ಸಾರನ್ನು ಎರಡು ಸಲ ಕೇಳಿ ಹಾಕಿಸಿಕೊಂಡ ಮೇಲೆ ಮುಖ ಊದಿಸಲು ಆಗಲಿಲ್ಲ.

ನನ್ನ ತಕರಾರು ಇದ್ದದ್ದು ನೀನು ಹಗಲು ಹೊತ್ತಿನಲ್ಲಿ ಕಥೆ ಕೇಳುವುದಕ್ಕೆ. ನಮ್ಮತ್ತೆ ದೀಪ ಹಚ್ಚುವ ಮುಂಚೆ ಕಥೆಗೆ ಬಾಯಿ ತೆರೆದವರಲ್ಲ. ಹಗಲಲ್ಲಿ ಕಥೆ ಹೇಳಿದರೆ ಮನೆಯಿಂದ ದೂರ ಹೋದವರು ದಾರಿ ತಪ್ಪುತ್ತಾರೆ ಅನ್ನುತ್ತಿದ್ದರು. ನೀನು ನಕ್ಕುಬಿಟ್ಟೆ. ನಾನು ನಗಲಿಲ್ಲ, ಈ ವಯಸ್ಸಿನ ತನಕ ಆ ಕಟ್ಟಳೆ ಮೀರಲೂ ಇಲ್ಲ. ನಿನ್ನೆ ಮೀರಿದೆ, ಅದೂ ನೀನು ರಸ್ತೆಯಲ್ಲಿರುವಾಗ.

ಪಟ್ಟಲಮ್ಮನ ಮಗ ಪ್ರಸನ್ನನನ್ನು ಮದುವೆಯಾಗುತ್ತೇನೆಂದು ವೀಣ ನಿನಗೆ ಹೇಳಿದ್ದಾಳೆ. ಅವರ ಕೇರಿ ಬೇರೆ, ಜಾತಿ ಬೇರೆ ಅನ್ನುವುದು ಅವಳಿಗೂ ಗೊತ್ತು, ನಿನಗೂ ಗೊತ್ತು. ನೀನು ಆಗಲಿ ಅನ್ನಲಿಲ್ಲ, ಬೇಡ ಅನ್ನಲಿಲ್ಲ, “ಬಂದ್ಮೇಲೆ ಮಾತಾಡ್ಮ” ಅಂದು ಲಾರಿ ಹತ್ತಿದೆ. ಅವರಿಬ್ಬರೂ ಮಂಡ್ಯದ ನೋಂದಣಿ ಕಚೇರಿಯಲ್ಲಿ ಮದುವೆಗೆ ಅರ್ಜಿ ಕೊಟ್ಟಿದ್ದರು. ಬೋರ್ಡಿಗೆ ಹಾಕಿದ ನೋಟೀಸನ್ನು ಯಾರೋ ಓದಿ ನಿನ್ನ ದೊಡ್ಡಪ್ಪನ ಮಗ ಚಲುವರಾಜುವಿನ ಕಿವಿಗೆ ಹಾಕಿದ್ದಾರೆ. ನಿನ್ನೆ ವೀಣ ಬಟ್ಟೆಬರೆ, ಅವಳ ತಾಯಿಯ ಫೋಟೋ ತೆಗೆದುಕೊಂಡು ಹೋಗೋಣವೆಂದು ಮಂಡ್ಯದಿಂದ ಮನೆಗೆ ಬಂದಿದ್ದಳು. ಮಧ್ಯಾಹ್ನ ಚಲುವರಾಜು ನಮ್ಮ ಕೇರಿಯ ಹುಡುಗ ಜಯಪ್ರಕಾಶನನ್ನೂ ಇನ್ನಿಬ್ಬರನ್ನೂ ಕಟ್ಟಿಕೊಂಡು ಬಂದ. ಬೆರಳಿಗೆ ಒಂದು ದಪ್ಪ ಬೀಗ ಸಿಕ್ಕಿಸಿಕೊಂಡಿದ್ದ. “ಅವ್ಳನ್ನ ನಮ್ಮನೆಗೆ ಕಳ್ಸು ಚಿಕ್ಕವ್ವ. ಶಿವರಾಜು ಬರಗಂಟ ಕ್ವಾಣೆ ಬುಟ್ಟು ಆಚೀಕೆ ಕಾಲಿಡಂಗಿಲ್ಲ” ಅಂದ. ತಾಯಿಯಿಲ್ಲದ ಹುಡುಗಿಯನ್ನು ಸಾಕಿದ್ದು ಬೀಗ ಹಾಕಿಸುವುದಕ್ಕಾ? ಆದರೆ ಜಗಳಕ್ಕೆ ನಿಂತರೆ ನಾಲ್ಕು ಗಂಡಸರನ್ನು ದಾಟಿ ಅವಳು ಹೋಗುವುದು ಹೇಗೆ? “ತಲೆಗೆ ನೀರ್ ಉಯ್ಕತಾವ್ಳೆ, ಕೂತ್ಕಳ್ರಲಾ” ಅಂದೆ. ಬಾಗಿಲಿಗೆ ಅಡ್ಡವಾಗಿ ನಾನೂ ಕೂತೆ. ಹಿತ್ತಿಲ ಕಡೆಯಿಂದ ಅವಳು ಪಟ್ಟಲಮ್ಮನ ಮನೆ ಸೇರಿ, ಮಳವಳ್ಳಿ ಬಸ್ಸು ಹತ್ತುವ ತನಕ ಇವರನ್ನು ಜಗಲಿಯಿಂದ ಏಳಿಸಬಾರದು. ನನಗೆ ಬರುವ ವಿದ್ಯೆ ಒಂದೇ, ನಿನಗೇ ಗೊತ್ತು.

ಉಪ್ಪಿನ ವ್ಯಾಪಾರಿಯ ಕಥೆ ಎತ್ತಿದೆ. ಜಯಪ್ರಕಾಶ ಹೌಹಾರಿದ. “ಅಗಲೊತ್ತಲ್ಲಿ ಕತೆನಾ ಅಜ್ಜಿ? ಶಿವರಾಜಣ್ಣ ರೋಡ್ನಲ್ಲವ್ನೆ!” ನನ್ನ ಕಣ್ಣ ಮುಂದೆ ನಿನ್ನ ಲಾರಿ ಬಂತು. ಆದರೂ ಹೇಳಿದೆ. ಮರಳುಗಾಡಿನಲ್ಲಿ ಒಬ್ಬ ಉಪ್ಪಿನ ವ್ಯಾಪಾರಿ. ಒಂಟೆ ಹೊಡೆದುಕೊಂಡು ಊರೂರು ಸುತ್ತುವವನು. ಬಾಯಾರಿದಾಗ ಸಿಕ್ಕ ಬಾವಿಯಲ್ಲಿ ಸೇದಿ ಕುಡಿಯುತ್ತಿದ್ದ, ಇದು ಯಾರ ಬಾವಿ ಅಂತ ಒಂದು ದಿನವೂ ಕೇಳಿದವನಲ್ಲ. ಅವನ ಮನೆಯ ಬಾವಿಯ ಹಗ್ಗವನ್ನು ಮಾತ್ರ ಬೇರೆಯವರು ಮುಟ್ಟುವಂತಿರಲಿಲ್ಲ. ಅವನು ದೂರ ಹೋಗಿದ್ದಾಗ ಮಗಳು ಆ ಹಗ್ಗವನ್ನು ಬಾಯಾರಿ ಬಂದವನೊಬ್ಬನ ಕೈಗೆ ಕೊಟ್ಟಳು. ನೆಂಟರು ಸೇರಿ ಹಗ್ಗ ಮೈಲಿಗೆಯಾಯಿತೆಂದು ಸುಟ್ಟರು, ಮಗಳನ್ನು ಊರಾಚೆಗೆ ಅಟ್ಟಿದರು. ಇಲ್ಲಿಗೆ ಬರುವಾಗ ಬಸ್ಸಿನ ಹಾರ್ನ್ ಕೇಳಿಸಿತು. ಚಲುವರಾಜು ಅರ್ಧ ಎದ್ದ. ಏಳಲು ಬಿಟ್ಟರೆ ಕೆಟ್ಟೆವು. “ಅಷ್ಟೊತ್ಗೆ ವ್ಯಾಪಾರಿ ಬಂದ ಕಣ್ಲಾ” ಅಂದೆ. ಅವನು ಹಾಗೇ ಕುಕ್ಕರಿಸಿ, ಚಿಕ್ಕಂದಿನಲ್ಲಿ ಅನ್ನುತ್ತಿದ್ದ ಹಾಗೆ “ಹೂಂ” ಅಂದ. ವ್ಯಾಪಾರಿ ಒಣಗಿದ ಗಂಟಲಲ್ಲಿ ಬಾವಿಗೆ ಬಗ್ಗಿ ನೋಡುತ್ತಾನೆ. ಕೆಳಗೆ ನೀರು ಹೊಳೆಯುತ್ತಿದೆ, ಸೇದಲು ಹಗ್ಗವಿಲ್ಲ. ಆಚೆ ದಿಬ್ಬದ ಮೇಲೆ ಮಗಳು ಆ ಹುಡುಗನ ಮನೆಯ ಹಗ್ಗ ಹಿಡಿದು ನಿಂತಿದ್ದಾಳೆ.

ಬಸ್ಸು ಹೊರಟ ಸದ್ದು ಕೇಳಿ ನಾನು ಬಾಯಿ ಮುಚ್ಚಿದೆ. “ಮುಂದೆ?” ಅಂದ ಚಲುವರಾಜು. “ಗೊತ್ತಿಲ್ಲ ಕಣ್ಲಾ. ಅಷ್ಟು ಯೋಳಿ ಶಿವರಾಜು ನಿದ್ದೆ ಓಗ್ಬುಟ್ಟಿದ್ದ” ಅಂದೆ. ಅದು ನಿಜವಲ್ಲವೇ? ಆಗ ಅವನಿಗೆ ಹೊಳೆಯಿತು. ನನ್ನನ್ನು ದಾಟಿ ಒಳಗೆ ನುಗ್ಗಿದ, ಬಚ್ಚಲು ನೋಡಿದ, ಹಿತ್ತಿಲ ಬಾಗಿಲು ನೋಡಿದ. ಬೀಗವನ್ನು ಜಗಲಿಗೆ ಎಸೆದ ರಭಸಕ್ಕೆ ಗಾರೆ ಎದ್ದಿದೆ. “ನಿನ್ ಬಾಯಿ ಮುಚ್ಕೊಂಡಿರು ಮುದ್ಕಿ. ಅವ್ನು ಮದ್ದೂರ್‌ಗೆ ಬರ್ಲಿ. ಫೋನ್‌ನಾಗೆ ಯೋಳೋ ಮಾತಲ್ಲ ಇದು, ಎದ್ರಾಎದ್ರು ನಾನೇ ಮೊದ್ಲು ಯೋಳ್ತೀನಿ” ಅಂದು ಹೋದ.

ಇವತ್ತು ಬೆಳಿಗ್ಗೆ ಅವನು ಬೈಕು ಹತ್ತಿ ಮದ್ದೂರಿಗೆ ಹೋದನಂತೆ, ಎಳನೀರು ಮಂಡಿಯಲ್ಲಿ ನಿನಗೆ ಕಾಯುವುದಕ್ಕೆ. ಜೊತೆಗೆ ಬಂದಿದ್ದ ಇಬ್ಬರು ನಮ್ಮ ಮನೆ ಕಡೆ ತಲೆ ಎತ್ತದೆ ಗದ್ದೆಗೆ ಹೋದರು. ಜಯಪ್ರಕಾಶ ಡೈರಿಗೆ ಹಾಲು ಹಾಕಿ ಬರುವಾಗ ಬೀಗ ತೆಗೆದುಕೊಂಡು ಹೋಗಲು ಬಂದ. ಕೈಗೆತ್ತಿಕೊಂಡವನು ಹೋಗಲಿಲ್ಲ. ಜಗಲಿಯ ಕೆಳಗೆ ನಿಂತೇ ಕೇಳಿದ: “ಅಜ್ಜಿ, ಆವಯ್ಯ ಆ ಹಗ್ಗ ಈಸ್ಕೊಂಡ್ನಾ?”

ಹೊತ್ತು ಹೊತ್ತಿಗೆ ಉಣ್ಣು. ನಿದ್ದೆ ಬಂದರೆ ಲಾರಿ ಬದಿಗೆ ಹಾಕಿ ಮಲಗು. ನಿಂಗಯ್ಯನಿಗೂ ನನ್ನ ಆಶೀರ್ವಾದ ಹೇಳು. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ.

ನಿನ್ನ ಅವ್ವ,
ಹೊಂಬಾಳಮ್ಮ

ಮರೆತಿದ್ದೆ, ಅಶೋಕ ಬಾಗಿಲಲ್ಲಿ ಅವಸರ ಮಾಡುತ್ತಿದ್ದಾನೆ. ಸೋಮವಾರ ಬೆಳಿಗ್ಗೆ ಮಂಡ್ಯದ ಕಚೇರಿಯಲ್ಲಿ ಮದುವೆ. ಸಾಕ್ಷಿಗೆ ಮೂವರು ಬೇಕಂತೆ. ನಾನೊಬ್ಬಳು, ಪಟ್ಟಲಮ್ಮ ಒಬ್ಬಳು. ಮೂರನೆಯವರು ಯಾರು ಅಂದರೆ ವೀಣ ಫೋನಿನಲ್ಲಿ, “ಅಪ್ಪ ಬತ್ತಾರಲ್ಲ” ಅನ್ನುತ್ತಾಳೆ, ಇನ್ನೊಬ್ಬರನ್ನು ಕೇಳಲು ಒಪ್ಪುತ್ತಿಲ್ಲ. ಮದ್ದೂರಿನಲ್ಲಿ ಮಂಡಿಯ ಕಡೆ ತಿರುಗಬೇಡ. ಲಾರಿಯನ್ನು ನೇರ ಮಂಡ್ಯಕ್ಕೆ ಹೊಡಿ. ಹಗಲಲ್ಲಿ ಕಥೆ ಹೇಳಿದ್ದೇನೆ, ದಾರಿ ತಪ್ಪಬೇಡ ಮಗಾ.